ಮೂರನೆಯ ಬೇರಿಂಗಿನ ಬೆನ್ನಿಗೆ

೨೦೨೪ರ ಫೆಬ್ರುವರಿ ೧೩, ಮಂಗಳವಾರ. ಮೂರು ಲೀಟರು ಹಿಡಿಯುವ ಇಂಜಿನಿನಿಂದ ಇಳಿದ ಎಣ್ಣೆ ಎರಡು ಲೀಟರು ಒಂಬೈನೂರ ನಲವತ್ತು ಮಿಲಿಲೀಟರು. ಮಾಪಣ್ಣ ಅಳತೆಯ ಡಬ್ಬಿಯನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿ, ವಹಿಯಲ್ಲಿ ಬರೆದು, ಪಕ್ಕದಲ್ಲಿ ನಾಗವೇಣಿಯ ಸಹಿ ಹಾಕಿಸಿದ. ಇಂಜಿನು ಬಿಚ್ಚುವ ಮೊದಲು ಎಣ್ಣೆ ಅಳೆಯಬೇಕು, ಅಳೆಯುವಾಗ ಗಾಡಿಯ ಒಡೆಯರು ಎದುರಿಗಿರಬೇಕು. ಕಲ್ಯಾಣ ಪೂರ್ವದ ಕಾಟೆಮಾನಿವಲಿ ನಾಕಾದ ಈ ಗ್ಯಾರೇಜಿನಲ್ಲಿ ಮೂವತ್ತೊಂದು ವರ್ಷಗಳಿಂದ ನಡೆದುಬಂದ ಪದ್ಧತಿ ಅದು.

ನಾಗವೇಣಿ ಡೊಂಬಿವಲಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವವಳು. ಐರೋಲಿಯ ಮೆಸ್ಸೊಂದಕ್ಕೆ ದಿನವೂ ಇನ್ನೂರ ನಲವತ್ತು ರೊಟ್ಟಿ ಮುಟ್ಟಿಸುವ ಮಾತು ಕುದುರಿದ ಧೈರ್ಯದ ಮೇಲೆ, ಹಳೆಯ ಗಾಡಿಗಳನ್ನು ಮಾರುವ ಉಲ್ಹಾಸನಗರದ ಒಬ್ಬ ಸೇಠನಿಂದ ವ್ಯಾನು ಕೊಂಡಿದ್ದಳು. ಹತ್ತೊಂಬತ್ತನೆಯ ದಿನ, ಮುಂಬ್ರಾ ಬೈಪಾಸಿನ ಏರಿನಲ್ಲಿ ಇಂಜಿನು ಕಟಕಟನೆ ಬಡಿದುಕೊಂಡು ನಿಂತುಬಿಟ್ಟಿತು. ಮೂರು ತಿಂಗಳ ಗ್ಯಾರಂಟಿ ಇತ್ತು. ಎಣ್ಣೆಯಿಲ್ಲದೆ ಓಡಿಸಿದರೆ ಗ್ಯಾರಂಟಿ ಇಲ್ಲವೆಂಬ ಸಾಲೂ ಅದರಲ್ಲಿತ್ತು; ಸೇಠ ಗಾಡಿಯನ್ನು ಕಣ್ಣೆತ್ತಿ ನೋಡದೆ ಆ ಸಾಲನ್ನೇ ಓದಿ ಹೇಳಿದ್ದ. ಕೊನೆಗೆ, ಮಾಪಣ್ಣ ಬಿಚ್ಚಿ ನೋಡಿ ಬರೆದುಕೊಟ್ಟದ್ದನ್ನು ಇಬ್ಬರೂ ಒಪ್ಪಬೇಕೆಂದು ಮಾತಾಯಿತು. ಸೇಠ ಅಷ್ಟು ಸಲೀಸಾಗಿ ಒಪ್ಪಿದ್ದಕ್ಕೆ ಕಾರಣವಿತ್ತು. ಮಾಪಣ್ಣನ ಗ್ಯಾರೇಜಿಗೆ ಬರುವ ಕೆಲಸದಲ್ಲಿ ಅರ್ಧ ಅವನ ಗಾಡಿಗಳದೇ.

ಮೇಲಿನ ಹೆಡ್ಡು ಇಳಿಯಿತು, ಕೆಳಗಿನ ಎಣ್ಣೆಯ ತೊಟ್ಟಿ ಇಳಿಯಿತು. ಎಣ್ಣೆಯಿಲ್ಲದೆ ಓಡಿದ ಇಂಜಿನು ಮೇಲಿನಿಂದ ಕೆಳಗಿನವರೆಗೆ ಸುಟ್ಟಿರಬೇಕು. ಇಲ್ಲಿ ಸುಟ್ಟದ್ದು ಒಂದೇ ಜಾಗ. ಮೂರನೆಯ ಪಿಸ್ಟನ್ನಿನ ರಾಡು ಕ್ರ್ಯಾಂಕನ್ನು ತಬ್ಬಿ ಹಿಡಿಯುವಲ್ಲಿ ಉಕ್ಕು ನೀಲಿಗಟ್ಟಿತ್ತು. ಮಾಪಣ್ಣ ರಾಡಿನ ಕ್ಯಾಪು ಬಿಚ್ಚಿ, ಒಡೆದ ಬಳೆಯಂಥ ಬೇರಿಂಗನ್ನು ಉಗುರಿನಿಂದ ಎಬ್ಬಿಸಿದ. ಅದರ ಬೆನ್ನಿಗೆ ಬೆಳ್ಳಿ ಕಾಗದ ಅಂಟಿತ್ತು. ಸಿಗರೇಟು ಪಾಕೀಟಿನದು, ಎರಡು ಮಡಿಕೆ.

ಅವನು ನಾಗವೇಣಿಗೆ ಮಗ್ಗಿ ಒಪ್ಪಿಸುವವನಂತೆ ನಿಧಾನವಾಗಿ ತಿಳಿಸಿದ. ಸವೆದ ಬೇರಿಂಗು ಬಡಿದುಕೊಳ್ಳುತ್ತದೆ. ಬೆನ್ನಿಗೆ ಕಾಗದ ತುರುಕಿದರೆ ಸಂದು ಮುಚ್ಚಿ ಸದ್ದು ಅಡಗುತ್ತದೆ. ಆದರೆ ಎಣ್ಣೆ ನಿಲ್ಲಬೇಕಾದ ಜಾಗವೂ ಅದೇ ಸಂದು. ಹತ್ತಿಪ್ಪತ್ತು ದಿನ ಓಡಿ, ಉಕ್ಕಿಗೆ ಉಕ್ಕು ತಿಕ್ಕಿ ಸುಡುತ್ತದೆ.

“ತಗೊಳ್ಳಾಕ ಹೋದಾಗ ಎಷ್ಟು ತಣ್ಣಗಿತ್ರೀ ಕಾಕಾ ಸಪ್ಪಳ,” ಎಂದಳು ನಾಗವೇಣಿ. “ಹೊಲಿಗಿ ಮಷೀನ ಹಂಗ.”

ಮಾಪಣ್ಣನ ಕಣ್ಣು ಕ್ಯಾಪಿನ ಮೇಲೆಯೇ ನಿಂತಿತ್ತು. ಯಾವ ಕ್ಯಾಪು ಯಾವ ರಾಡಿನದೆಂದು ಅದಲುಬದಲಾಗದಂತೆ, ಬಿಚ್ಚುವ ಮಿಸ್ತ್ರಿ ಪಂಚಿನಿಂದ ಎಷ್ಟನೆಯದೋ ಅಷ್ಟು ಚುಕ್ಕೆ ಹಾಕಿಟ್ಟುಕೊಳ್ಳುತ್ತಾನೆ. ಇಲ್ಲಿಯ ಮಿಸ್ತ್ರಿಗಳಿಗೆಲ್ಲ ಒಂದನೆಯದೆಂದರೆ ಬೆಲ್ಟಿನ ಕಡೆಯದು. ಈ ಮೂರನೆಯ ಕ್ಯಾಪಿನ ಮೇಲೆ ಎರಡೇ ಚುಕ್ಕೆ ಇದ್ದವು. ನಾಲ್ಕು ಕ್ಯಾಪುಗಳ ಎಣಿಕೆ ಬೆಲ್ಟಿಲ್ಲದ ಆಚೆಯ ತುದಿಯಿಂದ ಹೊರಟಿತ್ತು. ಗದಗಿನ ಟ್ರ್ಯಾಕ್ಟರು ಗ್ಯಾರೇಜಿನಲ್ಲಿ ಹಾಗೆ ತಿರುವುಮುರುವಾಗಿ ಕಲಿತು, ಕೊನೆಯವರೆಗೂ ತಿದ್ದಿಕೊಳ್ಳದವನು ಮಾಪಣ್ಣ. ಅವನಿಂದ ಹಾಗೆ ಕಲಿತವನು ಒಬ್ಬನೇ, ಬಾಳಪ್ಪ. ಒಂಬತ್ತು ವರ್ಷ ಇಲ್ಲಿದ್ದು ಹೋದ ಬಾಳಪ್ಪ ಈಗ ಆ ಸೇಠನ ಹತ್ತಿರ ದೊಡ್ಡ ಮಿಸ್ತ್ರಿ.

ಮಧ್ಯಾಹ್ನ ಬಾಳಪ್ಪನೇ ಬಂದ. ಸೇಠನ ನಮಸ್ಕಾರ ತಿಳಿಸಿದ. ರಿಪೋರ್ಟು ಉದ್ದವಾಗುವುದು ಬೇಡ, ಎಣ್ಣೆಯಿಲ್ಲದೆ ಓಡಿಸಿದ್ದಾರೆಂದು ಒಂದು ಸಾಲು ಸಾಕು, ಬರುವ ತಿಂಗಳಿಂದ ಹನ್ನೆರಡು ಗಾಡಿ ಹೆಚ್ಚಿಗೆ ಬರುತ್ತವೆ ಎಂದ. ನಾಗವೇಣಿ ಸ್ಟೂಲಿನ ಮೇಲೆ ಕೂತಿದ್ದರೂ, ಅಲ್ಲಿ ಯಾರೂ ಇಲ್ಲವೆಂಬಂತೆ ಮಾತಾಡಿದ.

ಮಾಪಣ್ಣ ಎಣ್ಣೆಯ ವಹಿಯನ್ನು ಅವನ ಮುಂದೆ ಸರಿಸಿದ. ಆಮೇಲೆ ತಟ್ಟೆಯನ್ನು ಸರಿಸಿದ. ತಟ್ಟೆಯಲ್ಲಿ ಕ್ಯಾಪು, ಬೇರಿಂಗು, ಬೆಳ್ಳಿ ಕಾಗದ.

“ಈ ಕೈ ಯಾರದು?”

“ಉಸ್ತಾದ್, ಸೇಠ ಹೇಳಿದ್ದ ಮಾಡಬೇಕಲ್ರೀ. ನೌಕರಿ ಐತಿ.”

“ನೌಕರಿ ಸೇಠಂದು. ಕೈ ನಂದು.”

ಬಾಳಪ್ಪನ ಮುಖ ಕೆಂಪಾಯಿತು. “ಹಂಗಾರ ಕೇಳ್ರಿ. ಕಸಾರಾ ಘಾಟಿನ್ಯಾಗ ಮಳಿಯೊಳಗ ಟ್ಯಾಕ್ಸಿ ನಿಂತಾಗ, ಪಾಕೀಟ ಹರದು ಕಾಗದ ಕೊಟ್ಟವರು ಯಾರ್ರೀ? ನಿಮ್ಮ ಕಿಸೇದ ಪಾಕೀಟ ಅದು.”

ನಾಗವೇಣಿ ತಲೆಯೆತ್ತಿ ಮಾಪಣ್ಣನನ್ನು ನೋಡಿದಳು.

“ಹೌದು,” ಎಂದ ಮಾಪಣ್ಣ. “ಮನಿ ಮುಟ್ಟಾಕ ಕಲಿಸಿದ್ದೆ, ಮಾರಾಕ ಅಲ್ಲ. ಮರುದಿನ ಬಿಚ್ಚಿ ತಗದು ಹೊಸಾದು ಹಾಕಿದ್ದಿಲ್ಲೇನು?”

ಮಾಪಣ್ಣ ಕೈತೊಳೆದು, ಗೆರೆಯ ಹಾಳೆಯ ಮೇಲೆ ಆರು ಸಾಲು ಬರೆದ. ಎಣ್ಣೆಯ ಅಳತೆ, ಸುಡದೆ ಉಳಿದ ಭಾಗಗಳು, ಸುಟ್ಟ ಭಾಗ, ಕ್ರ್ಯಾಂಕಿನ ಸವೆತ ಮಿಲಿಮೀಟರಿನ ನೂರರಲ್ಲಿ ಎಂಟು ಭಾಗ. ಐದನೆಯ ಸಾಲಿನಲ್ಲಿ, ಮಾರುವ ಮೊದಲು ಕಾಗದ ಇಟ್ಟವನು ಬಾಳಪ್ಪ ಎಂದು. ಆರನೆಯದರಲ್ಲಿ, ಈ ಉಪಾಯವನ್ನು ಅವನಿಗೆ ಕಲಿಸಿದವನು ನಾನು ಎಂದು. ಕೆಳಗೆ ಸಹಿ.

ಎದುರಿನಿಂದ ಹಾಳೆಯನ್ನು ತಲೆಕೆಳಗಾಗಿಯೇ ಓದಿಕೊಂಡ ಬಾಳಪ್ಪ ದನಿ ಇಳಿಸಿದ. “ಆ ಕಡೀ ಸಾಲರೆ ಹೊಡದು ಹಾಕ್ರಿ ಉಸ್ತಾದ್. ನಿಮ್ಮ ಹೆಸರು ಕೆಡತೈತಿ.”

“ಎಣ್ಣಿ ಅಳದವ ಇದನ್ನ ಅಳೀದ ಬಿಡ್ಲೇನು?”

ತರಿಸಿದ್ದ ಚಹಾ ಕುಡಿಯದೆ ಬಾಳಪ್ಪ ಎದ್ದುಹೋದ. ಅರ್ಧ ತಾಸಿಗೆ ಸೇಠನ ಫೋನು ಬಂತು. ನಾಳೆಯಿಂದ ತನ್ನ ಒಂದು ಗಾಡಿಯೂ ಆ ಗ್ಯಾರೇಜಿಗೆ ಬರುವುದಿಲ್ಲ, ಹೆಂಗಸಿಗೆ ಬೇಕಾದರೆ ಗ್ರಾಹಕರ ಕೋರ್ಟಿಗೆ ಹೋಗಲಿ ಎಂದ.

ಹೋಗುತ್ತೇನೆ ಎಂದಳು ನಾಗವೇಣಿ. ಹಾಳೆಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡಳು. ಇಂಜಿನು ಕಟ್ಟಿಕೊಡಲು ಇಪ್ಪತ್ತು ದಿನ ಬೇಕು, ಕೂಲಿ ಒಂದು ರೂಪಾಯಿ ಬೇಡ ಎಂದ ಮಾಪಣ್ಣ. ಅಷ್ಟು ಹೊತ್ತು ತಡೆದುಕೊಂಡಿದ್ದ ಅವಳ ಸಿಟ್ಟು ಆಗ ಹೊರಬಿತ್ತು.

“ಕೂಲಿ ಬಿಟ್ರ ನನ್ನ ರೊಟ್ಟಿ ನಡಕೋತ ಹೋಗ್ತಾವೇನ್ರೀ ಕಾಕಾ? ಮೂರು ದಿನ ಆತು ಮುಟ್ಟಿಲ್ಲ. ನಾಳೆ ಮುಟ್ಟಲಿಲ್ಲಂದ್ರ ಮೆಸ್ಸಿನವರು ಬ್ಯಾರೇದವರಿಗೆ ಹೇಳ್ತಾರ. ಕೋರ್ಟಿನ್ಯಾಗ ಗೆದ್ದು ಆಮ್ಯಾಲ ನಾ ಏನು ಬಡೀಲಿ? ಕಲಿಸಿದವರು ನೀವಂತ ಬರದೀರಲ್ಲ, ಹೊರ್ರಿ.”

ಬುಧವಾರ ಬೆಳಗಿನ ಆರೂಕಾಲಕ್ಕೆ, ಅರವತ್ತೇಳರ ಮಾಪಣ್ಣ ಠಾಣೆ ರೈಲು ನಿಲ್ದಾಣದಲ್ಲಿ ಇಳಿದು, ಎರಡೂ ಕೈಯಲ್ಲಿ ರೊಟ್ಟಿಯ ಗಂಟು ಹಿಡಿದು, ಐರೋಲಿಯ ಲೋಕಲ್ಲಿಗೆ ಸೇತುವೆ ಹತ್ತಿ ಇಳಿದ. ರೈಲಿನಲ್ಲಿ ಯಾರೋ ಹುಡುಗಿ ಎದ್ದು ಜಾಗ ಕೊಟ್ಟಳು. ಗಂಟುಗಳನ್ನು ಮೇಲಿಡಿ ಎಂದು ಮರಾಠಿಯಲ್ಲಿ ಹೇಳಿದಳು. ಅವನು ಬೇಡವೆಂದು ತಲೆಯಾಡಿಸಿದ. ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದರೂ ಬೆರಳ ಗೆರೆಗಳಲ್ಲಿ ಕಪ್ಪು ಉಳಿದಿತ್ತು. ಗಂಟಿನ ಬಿಳಿಯ ಬಟ್ಟೆಗೆ ಅದು ತಾಗದಂತೆ ಅಂಗೈಗಳನ್ನು ಮೇಲ್ಮುಖವಾಗಿ ಹಿಡಿದು ಕೂತ. ಇನ್ನು ಹತ್ತೊಂಬತ್ತು ದಿನ. ಗಂಟುಗಳು ತೊಡೆಯ ಮೇಲೆ ಇನ್ನೂ ಬೆಚ್ಚಗಿದ್ದವು.