ಕಿಟಕಿ ಪಕ್ಕದ ಟೇಬಲ್

ಕಕ್ಷಿದಾರರು ಮೇಜಿನ ಮೇಲೆ ಮೊಬೈಲನ್ನು ಬೋರಲು ಇಟ್ಟರೆ ನನ್ನ ಕಿವಿ ನೆಟ್ಟಗಾಗುತ್ತದೆ. ಅದು ರೆಕಾರ್ಡ್ ಆಗುತ್ತಿದೆ ಎಂದೇ ಅರ್ಥ. ಅದಕ್ಕೇ ನನ್ನ ಕಚೇರಿಯಲ್ಲಿ ಹಳೆಯ ಬಿಸ್ಕೆಟ್ ಡಬ್ಬಿಯೊಂದಿದೆ. ಒಳಗೆ ಬಂದವರು ಮೊದಲು ಫೋನನ್ನು ಅದರೊಳಗೆ ಹಾಕಬೇಕು, ಆಮೇಲೆ ಬಾಯಿ ತೆರೆಯಬೇಕು. ವಿಚ್ಛೇದನದ ಕೇಸುಗಳನ್ನೇ ನಡೆಸಿ ನಡೆಸಿ ನನಗೆ ನಂಬುವ ಅಭ್ಯಾಸವೇ ತಪ್ಪಿಹೋಗಿದೆ. ಮನೆಯಲ್ಲಿ ಗಂಡ ಕೇಳದೇ ಕಾಫಿ ಮಾಡಿ ತಂದುಕೊಟ್ಟರೂ ಏನು ಸಮಾಚಾರ ಎಂದು ಮುಖ ನೋಡುತ್ತೇನೆ.

ಔಷಧಿ ಅಂಗಡಿ ನಡೆಸುವ ಕಕ್ಷಿದಾರೆಯೊಬ್ಬಳು ಮಾತ್ರ ನನಗಿಂತ ಒಂದು ಕೈ ಮೇಲು. ಮೊದಲ ದಿನವೇ ಡಬ್ಬಿಗೊಂದು ಫೋನ್ ಹಾಕಿ, ಬ್ಯಾಗಿನಲ್ಲಿ ಇನ್ನೊಂದನ್ನು ಇಟ್ಟುಕೊಂಡು ಕೂತಿದ್ದಳು. ಮಾತಿನ ಮಧ್ಯೆ ಅದು ಬಡಿದುಕೊಂಡಿತು.

“ಅದು ಅಂಗಡೀದು ಮೇಡಂ,” ಎಂದಳು.

“ಅಂಗಡೀದೂ ಡಬ್ಬೀಲೇ ಇರ್ಲಿ ಬಿಡಮ್ಮ.”

ಅವಳ ಗಂಡ ಸರ್ವೇಯರ್, ಜಮೀನು ಅಳೆಯುವವನು. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಬೇರೆ ಬೇರೆ ಮನೆ ಮಾಡಿದ ಮೇಲಾದರೂ ನೆಮ್ಮದಿಯಾಗಿ ಇರಬೇಕಿತ್ತು ತಾನೇ? ಇಲ್ಲ. ಮಗಳು ವಾರವೆಲ್ಲ ತಾಯಿಯ ಹತ್ತಿರ, ಶನಿವಾರ ಭಾನುವಾರ ತಂದೆಯ ಹತ್ತಿರ ಎಂದು ಕೋರ್ಟು ಸದ್ಯಕ್ಕೆ ಹೇಳಿತ್ತು. ಆ ಕಡೆಯಿಂದ ಮಗು ಬಂದ ಕೂಡಲೇ ಈಕೆ ಅದರ ಉಗುರುಗಳ ಫೋಟೋ ತೆಗೆಯುತ್ತಿದ್ದಳು, ಕತ್ತರಿಸಿಲ್ಲ ಎಂಬುದಕ್ಕೆ ಸಾಕ್ಷಿ. ಈ ಕಡೆಯಿಂದ ಹೋದ ಕೂಡಲೇ ಆತ ಅದರ ತೂಕ ನೋಡುತ್ತಿದ್ದ, ಸರಿಯಾಗಿ ಊಟ ಹಾಕಿಲ್ಲ ಎಂಬುದಕ್ಕೆ ಸಾಕ್ಷಿ. ಮಗುವಿಗೆ ಏಳು ವರ್ಷವಾಗಿದ್ದರೂ ಎಲ್ಲರಿಗೂ ಪಾಪು.

ಪಾಪುವಿಗೆ ಕಿವಿ ಮಂದವಾಗುತ್ತಿತ್ತು. ಎರಡೂ ಕಿವಿಗಳ ಪರದೆಯ ಹಿಂದೆ ಅಂಟಂಟಾದ ನೀರು ತುಂಬಿಕೊಂಡಿದೆ, ಸಣ್ಣ ಆಪರೇಷನ್ ಮಾಡಿ ಅದನ್ನು ತೆಗೆದು ಪುಟ್ಟ ನಳಿಕೆ ಕೂರಿಸಿದರೆ ಸರಿಹೋಗುತ್ತದೆ, ತಡಮಾಡಿದರೆ ಕಿವಿ ಕಾಯಂ ಹಾಳಾಗಬಹುದು ಎಂದು ವೈದ್ಯರು ಹೇಳಿದ್ದರು. ಒಂದು ಹಗಲಿನ ಕೆಲಸ. ಆದರೆ ಇಬ್ಬರೂ ಮೊದಲೇ ಆಸ್ಪತ್ರೆಗೆ ನೋಟಿಸು ಕಳಿಸಿ, ತಮ್ಮನ್ನು ಕೇಳದೆ ಮಗುವನ್ನು ಮುಟ್ಟಿದರೆ ನೋಡಿಕೊಳ್ಳುತ್ತೇವೆ ಎಂದು ಹೆದರಿಸಿ ಇಟ್ಟಿದ್ದರು. ಹಾಗಾಗಿ ಆಸ್ಪತ್ರೆಯವರಿಗೆ ಇಬ್ಬರ ಸಹಿಯೂ ಬೇಕಿತ್ತು.

ಹಾಕಬಾರದೇ? ಗಂಡನಿಗೆ ಅನುಮಾನ, ಹೆಂಡತಿ ಔಷಧಿಯವಳು, ಆ ವೈದ್ಯರು ಅವಳ ಗಿರಾಕಿ, ಕಾಯಿಲೆಯೇ ಸುಳ್ಳು. ಅವನು ಬೇರೆ ವೈದ್ಯರ ಹೆಸರು ಹೇಳಿದ. ಹೆಂಡತಿಗೆ ಅನುಮಾನ, ಆ ವೈದ್ಯ ಅವನ ಜೊತೆ ಓದಿದವನು, ತಾಯಿ ನೋಡಿಕೊಳ್ಳದೆ ಹೀಗಾಯಿತು ಎಂದು ಬರೆದುಕೊಡುತ್ತಾನೆ. ನ್ಯಾಯಾಧೀಶರ ಮುಂದೆ ಅರ್ಜಿ ಹಾಕಿದೆವು. ಅದಕ್ಕೆ ಅವನ ತಕರಾರು, ತಕರಾರಿಗೆ ಇವಳ ತಕರಾರು. ಮೊದಲು ಒಪ್ಪಿಸಿ ನೋಡಿ ಎಂದು ನ್ಯಾಯಾಧೀಶರು ನಮ್ಮನ್ನೆಲ್ಲ ಕೋರ್ಟಿನ ಕೌನ್ಸೆಲರ್ ಹತ್ತಿರ ಅಟ್ಟಿದರು. ಅಷ್ಟರಲ್ಲಿ ಶಾಲೆಯಲ್ಲಿ ಪಾಪುವನ್ನು ಮುಂದಿನ ಬೆಂಚಿಗೆ ತಂದು ಕೂರಿಸಿದ್ದರು. ಅಲ್ಲೂ ಅವಳು ಟೀಚರ ತುಟಿಯನ್ನೇ ನೋಡುತ್ತಿದ್ದಳಂತೆ.

ಈ ಕೌನ್ಸೆಲರನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ನಿಧಾನದ ಹೆಂಗಸು. ತಲೆಯ ಮೇಲೆ ಕನ್ನಡಕ ಇಟ್ಟುಕೊಂಡು ಮೇಜಿನ ಮೇಲೆಲ್ಲ ಹುಡುಕುತ್ತಾರೆ. ನನಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೆ. ಅಷ್ಟು ಮೆತ್ತಗೆ ಮಾತಾಡುವವರನ್ನು ನಾನು ನಂಬುವುದಿಲ್ಲ.

ಅವರ ಕೋಣೆಯಲ್ಲಿ ಗೋಡೆಗೆ ಆನಿಸಿದ ಕುರ್ಚಿ ಒಂದೇ ಇತ್ತು. ಗಂಡನಿಗೂ ಅದೇ ಬೇಕು, ಹೆಂಡತಿಗೂ ಅದೇ ಬೇಕು. ಬಾಗಿಲಿಗೆ ಬೆನ್ನು ಹಾಕಿ ಕೂರಲು ಇಬ್ಬರಿಗೂ ಧೈರ್ಯವಿಲ್ಲ. ಕೊನೆಗೆ ಇಬ್ಬರೂ ನಿಂತೇ ಜಗಳಕ್ಕೆ ಶುರುವಿಟ್ಟರು. ನನ್ನ ಎದುರಾಳಿ ವಕೀಲರಿಗೆ ವಯಸ್ಸಾಗಿದೆ, ಬಿಸಿಲಿರಲಿ ಬಿಡಲಿ ಕೈಯಲ್ಲೊಂದು ಕೊಡೆ. ಅದಕ್ಕೇ ಅವರು ಕೊಡೆ ಲಾಯರು. ಅವರು ಕೊಡೆಯನ್ನು ನೆಲಕ್ಕೆ ಕುಟ್ಟಿ ಕುಟ್ಟಿ ಸಾಕಾದರು. ತೆರೆದ ಬಾಗಿಲಾಚೆ, ಕಾರಿಡಾರಿನ ಬೆಂಚಿನ ಮೇಲೆ ಪಾಪು ನಮಗೆ ಬೆನ್ನು ಮಾಡಿ ಚಿತ್ರ ಬರೆಯುತ್ತಿದ್ದಳು.

“ಮಗು ಇದೆ, ಸ್ವಲ್ಪ ಮೆಲ್ಲಗೆ,” ಎಂದೆ.

“ಅವಳಿಗೇನು ಕೇಳ್ಸುತ್ತಾ, ಬಿಡಿ,” ಎಂದ ಸರ್ವೇಯರ್.

ಆ ಮಾತಿಗೆ ಮಾತ್ರ ಹೆಂಡತಿ ಎದುರಾಡಲಿಲ್ಲ. ಇಬ್ಬರೂ ಮತ್ತಷ್ಟು ದನಿ ಏರಿಸಿದರು. ಪಾಪುವಿನ ಪೆನ್ಸಿಲ್ ತನ್ನ ಪಾಡಿಗೆ ಓಡುತ್ತಲೇ ಇತ್ತು.

ಅವರು ಹೋದ ಮೇಲೆ ಅಕ್ಕ ಉಸ್ಸೆಂದು ಎದ್ದು, “ಬನ್ನಿ, ಟೀ ಕುಡಿಯೋಣ,” ಎಂದರು. ಕ್ಯಾಂಟೀನಿನಲ್ಲಿ ಮೂಲೆಯ ಟೇಬಲ್ ಖಾಲಿ ಇತ್ತು. ಆದರೂ ಅಕ್ಕ ಸೀದಾ ಹೋಗಿ ಕಿಟಕಿ ಪಕ್ಕದಲ್ಲಿ ಕೂತರು. ಗಾಳಿ ಬರುತ್ತದೆ ಎಂದರು.

“ಇವರಿಬ್ರಿಗೂ ಒಬ್ಬರ ಮೇಲೊಬ್ಬರಿಗೆ ಇರೋ ದ್ವೇಷಾನೇ ಊರುಗೋಲು,” ಎಂದರು ಟೀ ಊದುತ್ತ. “ನಾವು ಅದನ್ನ ಕಿತ್ಕೊಳ್ಳೋಕೆ ನೋಡ್ತೀವಿ. ಬಿದ್ದುಹೋಗ್ತೀವಿ ಅಂತ ಇನ್ನೂ ಗಟ್ಟಿ ಹಿಡ್ಕೊಳ್ತಾರೆ. ಬೇರೆ ಕೋಲು ಕೊಡದೆ ಇದನ್ನ ಬಿಡಲ್ಲ.”

“ಬೇರೆ ಕೋಲು ಬೇಕಾದ್ರೆ ನನ್ನ ಕೊಡೆ ಇದೆ,” ಎಂದರು ಕೊಡೆ ಲಾಯರು. “ಇಬ್ರಿಗೂ ಒಂದೊಂದು ಬಿಡ್ತೀನಿ.”

ಬೆಳಗಿನಿಂದ ತಲೆ ಕೆಟ್ಟಿತ್ತು. ಹೊಟ್ಟೆ ಹಿಡಿದು ನಕ್ಕೆ. ಅಕ್ಕನೂ ನಕ್ಕು ನನ್ನ ಬೆನ್ನಿಗೊಂದು ಗುದ್ದಿದರು. ಕಣ್ಣೊರೆಸಿಕೊಂಡು ನೋಡುತ್ತೇನೆ, ಕಿಟಕಿಯಾಚೆ ಸ್ಕೂಟರುಗಳ ನಡುವೆ ನನ್ನ ಕಕ್ಷಿದಾರೆ ಮಗುವಿನ ಕೈ ಹಿಡಿದು ನಿಂತಿದ್ದಾಳೆ. ಸ್ವಲ್ಪ ಆಚೆ ಅವಳ ಗಂಡ ಹೆಲ್ಮೆಟ್ಟನ್ನು ಅರ್ಧ ಹಾಕಿಕೊಂಡು ನಿಂತಿದ್ದಾನೆ. ಇಬ್ಬರೂ ನಮ್ಮನ್ನೇ ನೋಡುತ್ತಿದ್ದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

ಸಂಜೆಯೇ ಅವಳ ಫೋನ್ ಬಂತು. “ನೀವು ಯಾರ ಕಡೆ ಮೇಡಂ?” ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಇಟ್ಟುಬಿಟ್ಟಳು. ಮರುದಿನ ಇಬ್ಬರೂ ತಮ್ಮ ತಮ್ಮ ವಕೀಲರಿಂದ ಫೈಲು ಕಿತ್ತುಕೊಂಡು ಹೋದರು. ವಾರ ಕಳೆಯುವುದರೊಳಗೆ ವಕೀಲರ ಪರಿಷತ್ತಿನ ಶಿಸ್ತು ಸಮಿತಿಗೆ ದೂರು ಹೋಯಿತು. ನಾವು ಮೂವರೂ ಒಳಗೊಳಗೇ ಸೇರಿಕೊಂಡು, ಕೇಸು ಎಳೆದಷ್ಟೂ ಲಾಭವೆಂದು ಸಂಸಾರ ಒಡೆಯುತ್ತಿದ್ದೇವಂತೆ. ಜೊತೆಗೊಂದು ನಕ್ಷೆ ಬೇರೆ. ಕ್ಯಾಂಟೀನಿನ ಟೇಬಲ್, ಕಿಟಕಿ, ನಾವು ಮೂವರು ಕೂತ ಜಾಗ, ಉತ್ತರ ದಿಕ್ಕಿನ ಬಾಣ, ಎಲ್ಲವನ್ನೂ ಸರ್ವೇಯರ್ ಅಚ್ಚುಕಟ್ಟಾಗಿ ಬರೆದಿದ್ದ. ಕೆಳಗೆ ಗಂಡನ ಸಹಿ, ಅದರ ಕೆಳಗೆ ಹೆಂಡತಿಯ ಸಹಿ.

ನನ್ನ ಮೈಯೆಲ್ಲ ಉರಿಯಿತು. ಆ ಹೆಂಗಸಿಗಾಗಿ ನಾನು ಎಷ್ಟು ಬಡಿದಾಡಿದ್ದೆ! ಉತ್ತರ ಕೊಡುವುದೇನೂ ಕಷ್ಟವಿರಲಿಲ್ಲ. ಅವಳು ಗಂಡನ ಮೇಲೆ ಹೇಳಿದ್ದು, ಅವನು ಅವಳ ಮೇಲೆ ಹೇಳಿದ್ದು, ಎಲ್ಲ ಕೋರ್ಟಿನ ದಾಖಲೆಯಲ್ಲೇ ಇತ್ತು. ಅಕ್ಕಪಕ್ಕ ಇಟ್ಟು ತೋರಿಸಿದರೆ ದೂರು ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ. ದೂರನ್ನು ಹಿಡಿದುಕೊಂಡು ಅಕ್ಕನ ಕೋಣೆಗೆ ನುಗ್ಗಿದೆ.

“ನೋಡಿದ್ರಾ? ಸುಮ್ಮನೆ ನಮ್ಮ ತಲೆ ಮೇಲೆ ಗೂಬೆ ಕೂರಿಸಿದಾರೆ!”

ಅಕ್ಕ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದನ್ನ ಎಲ್ಲಿ ಕೂತು ಬರೆದ್ರು ಗೊತ್ತಾ?”

“ಎಲ್ಲಿ ಬರೆದ್ರೆ ನಮಗೇನು?”

“ಅಂಗಡಿ ಹಿಂದಿನ ಕೋಣೇಲಂತೆ. ಇಬ್ರೂ ಜೊತೇಲಿ ಕೂತು. ಮಧ್ಯಾಹ್ನ ಊಟಾನೂ ಅಲ್ಲೇ ಆಯ್ತಂತೆ. ಪಾಪು ಹೇಳಿದ್ದನ್ನ ಶಾಲೆಯ ಟೀಚರು ನನಗೆ ಹೇಳಿದ್ರು.” ಅವರು ದನಿ ಇನ್ನೂ ತಗ್ಗಿಸಿದರು. “ಆ ಡಾಕ್ಟರೂ ಬೇಡ, ಈ ಡಾಕ್ಟರೂ ಬೇಡ, ಎಲ್ಲ ಲಾಯರುಗಳ ಜೊತೆ ಶಾಮೀಲಾಗಿದಾರೆ ಅಂತ ಇಬ್ರೂ ಸೇರಿ ಮೂರನೇ ಡಾಕ್ಟರನ್ನ ಹುಡುಕಿದಾರೆ. ಮುಂದಿನ ವಾರ ಪಾಪುಗೆ ಆಪರೇಷನ್.”

ನಾನು ಕುರ್ಚಿಯಲ್ಲಿ ಕೂತೆ. ಗೋಡೆಗೆ ಆನಿಸಿದ ಅದೇ ಕುರ್ಚಿ.

“ನೀವು ಇವತ್ತು ಉತ್ತರ ಕೊಟ್ರೆ ದೂರು ಬಿದ್ದುಹೋಗುತ್ತೆ,” ಎಂದರು ಅಕ್ಕ. “ದೂರು ಬಿದ್ರೆ, ನೀನು ಹೇಳಿದ್ದಕ್ಕೆ ಬರೆದೆ ಅಂತ ಅವಳು, ನಿನ್ನಿಂದ ಮಾನ ಹೋಯ್ತು ಅಂತ ಅವನು. ಆಮೇಲೆ ಸಹಿ ಎಲ್ಲಿ?”

“ಅಕ್ಕ, ನಿಜ ಹೇಳಿ. ಅವತ್ತು ಆ ಕಿಟಕಿ ಪಕ್ಕ ಯಾಕೆ ಕೂತ್ರಿ?”

“ನನ್ನ ಕನ್ನಡಕ ನೋಡಿದ್ರಾ?” ಎಂದರು. ಅದು ಅವರ ತಲೆಯ ಮೇಲೇ ಇತ್ತು. ನಾನು ಹೇಳಲಿಲ್ಲ, ಹುಡುಕಿಕೊಳ್ಳಲಿ ಎಂದು ಎದ್ದು ಬಂದೆ.

ಆಪರೇಷನ್ ಆಗುವ ತನಕ ಉತ್ತರ ಕೊಡದಿರಲು ಕೊಡೆ ಲಾಯರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅವರಿಗೂ ಮೊಮ್ಮಕ್ಕಳಿದ್ದಾರೆ. ಬಾಯಿಗೆ ಬೀಗ ಹಾಕಿಕೊಳ್ಳುವುದು ಕಷ್ಟವಾದದ್ದು ನನಗೇ. ಸಮಿತಿಯವರು ಕೇಳಿದಾಗ ಸಮಯ ಬೇಕು ಎಂದೆ. ತಪ್ಪು ಮಾಡದವರಿಗೆ ಸಮಯ ಯಾಕೆ ಎಂಬಂತೆ ಒಬ್ಬರು ಮೂಗು ಮುರಿದರು. ಕೋರ್ಟಿನ ಮೆಟ್ಟಿಲ ಮೇಲೆ ಕಿರಿಯ ವಕೀಲರು ನನ್ನನ್ನು ಕಂಡು ಕಿಸಕ್ಕನೆ ನಕ್ಕು, ಟೀಗೆ ಬರ್ತೀರಾ ಮೇಡಂ ಎಂದರು. ಹಳೆಯ ಕಕ್ಷಿದಾರೆಯೊಬ್ಬಳು ತಂಗಿಯ ಕೇಸನ್ನು ಬೇರೆಯವರಿಗೆ ಕೊಟ್ಟಳು. ಹಲ್ಲು ಕಚ್ಚಿಕೊಂಡಿದ್ದೆ. ಈ ಮೆತ್ತಗಿನ ಹೆಂಗಸು ನನ್ನನ್ನೇ ಕೋಲು ಮಾಡಿ ಅವರ ಕೈಗೆ ಕೊಟ್ಟಳಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಬೇಕೆಂದೇ ಮಾಡಿದರೋ, ಗಾಳಿಗೇ ಕೂತರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಆಪರೇಷನ್ ಆಯಿತು, ಮಗು ಮನೆಗೆ ಬಂತು ಎಂದು ತಿಳಿದ ದಿನವೇ ಉತ್ತರ ಕೊಟ್ಟೆ. ದೂರು ವಜಾ ಆಯಿತು. ಅದಾದ ಮರುದಿನ ಔಷಧಿ ಅಂಗಡಿಯವಳು ನನ್ನ ಕಚೇರಿಗೆ ಬಂದು, ಹೇಳುವ ಮೊದಲೇ ಎರಡೂ ಫೋನನ್ನು ಡಬ್ಬಿಗೆ ಹಾಕಿ, ಫೈಲನ್ನು ಮತ್ತೆ ನನ್ನ ಮೇಜಿನ ಮೇಲಿಟ್ಟಳು.

“ಅದೆಲ್ಲ ಅವನದೇ ಕಿತಾಪತಿ ಮೇಡಂ. ನಾನು ಬರೀ ಸಹಿ ಹಾಕಿದ್ದು.”

“ಗೊತ್ತು, ಕೂತ್ಕೋ,” ಎಂದೆ. ಕೊಡೆ ಲಾಯರ ಹತ್ತಿರವೂ ಅವನು ಫೈಲು ವಾಪಸ್ ತಂದು, ಎಲ್ಲ ಅವಳದೇ ಎಂದು ಹೇಳಿದ್ದನಂತೆ. ಊಟ ಹಂಚಿಕೊಂಡು ತಿಂದವರು ತಿರುಗಿ ಹಾವು ಮುಂಗುಸಿಯಾಗಿದ್ದರು.

ಮುಂದಿನ ಸಲ ಎಲ್ಲರೂ ಅಕ್ಕನ ಕೋಣೆಯ ಮುಂದೆ ಸೇರಿದೆವು. ಒಳಗೆ ಹೋಗುವ ತನಕವೂ ಅವರಿಗೆ ತಡೆಯಲಾಗಲಿಲ್ಲ. ಕಿವಿಗೆ ನೀರು ಬಿಟ್ಟಿದ್ದೀಯ ಎಂದು ಅವಳು, ನೀನು ಹತ್ತಿ ಇಡಲಿಲ್ಲ ಎಂದು ಅವನು, ಅಲ್ಲಿಂದ ಅಪ್ಪ ಅಮ್ಮನ ಮರ್ಯಾದೆಯವರೆಗೂ ಹೋಯಿತು. ಪಾಪು ಅದೇ ಬೆಂಚಿನ ಮೇಲೆ ನಮಗೆ ಬೆನ್ನು ಮಾಡಿ ಕೂತಿದ್ದಳು. ಅವಳ ಪೆನ್ಸಿಲ್ ನಿಂತಿತ್ತು.

“ಮೆಲ್ಲಗಪ್ಪಾ, ಮಗು ಇದೆ,” ಎಂದರು ಕೊಡೆ ಲಾಯರು.

“ಅವಳಿಗೇನು ಕೇಳ್ಸುತ್ತಾ, ಬಿಡಿ!” ಎಂದ ಸರ್ವೇಯರ್, ಹಳೆಯ ರೂಢಿಯಲ್ಲೇ.

ಪಾಪು ತಿರುಗಿದಳು. ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು.

“ಕೇಳಿಸ್ತಿದೆ,” ಎಂದಳು.

ಅಷ್ಟೇ ಹೇಳಿದ್ದು. ಸರ್ವೇಯರ್ ಎತ್ತಿದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ತಾಯಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ನಾನು ಥಟ್ಟನೆ ಅಕ್ಕನ ಕಡೆ ತಿರುಗಿದೆ. ಇದನ್ನೂ ಇವರೇ ಹೇಳಿಕೊಟ್ಟರೇನೋ ಎಂದು ನನ್ನ ಅನುಮಾನ. ಅಕ್ಕನ ಮುಖ ಬಿಳಿಚಿಕೊಂಡಿತ್ತು. ಅವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತಿದ್ದರು, ಮಗುವಿನ ಮುಖ ನೋಡಲಾಗದೆ ನೆಲ ನೋಡುತ್ತಿದ್ದರು.