ಮೂರನೆಯ ಸಿಲಿಂಡರಿನ ರಾಡು

೧೯೯೭ರ ಫೆಬ್ರುವರಿ ೧೧, ಮಂಗಳವಾರ, ಬೆಳಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ನಾನು ಹುಟ್ಟಿದೆ. ಕಾದು ಕೆಂಪಾದ ಉಕ್ಕಿನ ತುಂಡಿನ ಮೇಲೆ ಯಂತ್ರದ ಸುತ್ತಿಗೆ ಮೂರು ಸಲ ಬಿತ್ತು. ಅಷ್ಟರಲ್ಲಿ ನಾನು ಕನೆಕ್ಟಿಂಗ್ ರಾಡ್ ಆಗಿದ್ದೆ. ಎಂಜಿನ್ನಿನೊಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ನನ್ನು, ತಿರುಗುವ ಕ್ರ್ಯಾಂಕಿಗೆ ಜೋಡಿಸಿ ಹಿಡಿಯುವುದು ನನ್ನ ಕೆಲಸ. ಒಬ್ಬ ದೂಡುತ್ತಾನೆ, ಒಬ್ಬ ಎಳೆಯುತ್ತಾನೆ. ನಡುವೆ ನಾನು.

ಸಾದಾ ಕಾರೊಂದರ ಮೂರನೆಯ ಸಿಲಿಂಡರು ನನ್ನ ಪಾಲಿಗೆ ಬಂತು. ಮೊದಲ ಯಜಮಾನರು ಧಾರವಾಡದ ದಂತವೈದ್ಯರು. ಹನ್ನೊಂದು ವರ್ಷ ಮನೆ, ದವಾಖಾನೆ, ಮತ್ತೆ ಮನೆ. ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತು ದಾಟಿದ್ದೇ ಅಪರೂಪ. ಅದು ಸುಖವೆಂದು ಆಗ ತಿಳಿಯಲಿಲ್ಲ.

ಆಮೇಲೆ ಕಾರನ್ನು ಪ್ರಮೀಳಾ ಕೊಂಡಳು. ಅವಳಿಗೆ ಮಣ್ಣಿನ ಟ್ರ್ಯಾಕಿನ ರೇಸಿನ ಹುಚ್ಚು. ಬೆಳಗಾವಿಯ ಕಾಳಪ್ಪ ಬಡಿಗೇರರ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿಸಿದಳು.

"ಹೊಸಾವು ಬ್ಯಾಡ ತಂಗಿ, ಇದ್ದದ್ದನ್ನ ಗಟ್ಟಿ ಮಾಡೂಣು," ಅಂದರು ಕಾಳಪ್ಪ.

ನನ್ನ ಪಕ್ಕೆಯಲ್ಲಿ ಅಚ್ಚು ಬಿಟ್ಟುಹೋಗಿದ್ದ ಏಣನ್ನು ಅರದಿಂದ ಉಜ್ಜಿ ತೆಗೆದರು. ಉದ್ದಕ್ಕೇ ಉಜ್ಜಬೇಕು, ಅಡ್ಡ ಗೀರು ಬಿದ್ದರೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಬಳಿಕ ಸಾಸಿವೆಗಿಂತ ಸಣ್ಣ ಉಕ್ಕಿನ ಗುಂಡುಗಳನ್ನು ಮೈತುಂಬ ಹೊಡೆಸಿದರು. ಹಾಗೆ ಒತ್ತಿಕೊಂಡ ಮೈ ಸುಲಭಕ್ಕೆ ಸೀಳುವುದಿಲ್ಲ. ಬೋಲ್ಟುಗಳು ಮಾತ್ರ ಹೊಸವು. ನಾಲ್ಕು ಸಿಲಿಂಡರಿನ ನಾಲ್ವರು ರಾಡುಗಳಲ್ಲಿ ನಾನೇ ಹಗುರ. ನನ್ನ ತೂಕಕ್ಕೆ ಸರಿಯಾಗಲೆಂದು ಉಳಿದ ಮೂವರನ್ನು ಅರೆದರು.

ಈಗ ನಿಮಿಷಕ್ಕೆ ಏಳೂವರೆ ಸಾವಿರ ಸುತ್ತು. ಒಂದು ಸೆಕೆಂಡಿಗೆ ನೂರ ಇಪ್ಪತ್ತೈದು ಸಲ ನನ್ನನ್ನು ಹಿಂಡಿ ಎಳೆಯುತ್ತಿದ್ದರು. ಮನುಷ್ಯನ ದಣಿವು ನಿದ್ದೆಯಲ್ಲಿ ಕಳೆಯುತ್ತದೆ, ಉಕ್ಕಿನದು ಕಳೆಯುವುದಿಲ್ಲ. ಎಂಜಿನ್ ಆರಿದ ಮೇಲೂ ಅದು ಇದ್ದಲ್ಲೇ ಇರುತ್ತದೆ, ಮರುದಿನದ್ದು ಅದರ ಮೇಲೆ ಕೂರುತ್ತದೆ. ಮೂರನೆಯ ವರ್ಷ, ಬೋಲ್ಟಿನ ತಲೆ ಕೂರುವ ಮೂಲೆಯಲ್ಲಿ, ಅರ ತಲುಪದ ಕಡೆ, ಕೂದಲೆಳೆಯಂಥ ಬಿರುಕು ಬಿಟ್ಟಿತು. ನಾನು ಮುರಿದರೆ ಎಂಜಿನ್ನಿನ ಗೋಡೆ ಒಡೆದು ಹೊರಬೀಳುತ್ತೇನೆ. ಬಿಸಿ ಎಣ್ಣೆ ಟೈರಿನ ಕೆಳಗೆ ಹರಡುತ್ತದೆ. ಆ ವೇಗದಲ್ಲಿ, ತಿರುವಿನಲ್ಲಿ, ಪ್ರಮೀಳಾ ಉಳಿಯುವುದು ಕಷ್ಟ. ನನಗೆ ಗೊತ್ತಿತ್ತು. ಹೇಳಲು ಬಾಯಿರಲಿಲ್ಲ.

ಭಾನುವಾರ ಆ ವರ್ಷದ ಕೊನೆಯ ರೇಸು. ಶುಕ್ರವಾರ ಮಧ್ಯಾಹ್ನ, ಪ್ರತಿ ರೇಸಿನ ಮುಂಚೆ ಮಾಡುವಂತೆ, ಎಂಜಿನ್ ಬಿಚ್ಚಿದ ಕಾಳಪ್ಪ ನಮ್ಮನ್ನು ಒಬ್ಬೊಬ್ಬರನ್ನಾಗಿ ತಂತಿಗೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಗಟ್ಟಿ ಇದ್ದವನು ಗಂಟೆಯಂತೆ ಅನುರಣಿಸುತ್ತಾನೆ. ಮೊದಲ ಇಬ್ಬರು ಹಾಗೇ ಅನುರಣಿಸಿದರು. ನನ್ನಿಂದ 'ಟಪ್' ಎಂದಷ್ಟೇ ಬಂತು.

ಕಾಳಪ್ಪ ಕತ್ತು ವಾಲಿಸಿ ಆಲಿಸಿದರು, ತಲೆದೂಗಿದರು. "ಪಾಸ್!"

ಬುತ್ತಿ ತಂದಿದ್ದ ಅವರ ಹೆಂಡತಿ ನೀಲವ್ವ ಬಾಗಿಲಲ್ಲೇ ನಿಂತರು. "ಏನ್ ಪಾಸ್ ರೀ? ಸಂತ್ಯಾಗ ಇಂಥಾ ಗಡಿಗಿ ಕೊಟ್ಟಿದ್ರ ನಾ ಕುಂಬಾರನ ಮುಂದನ ಒಗದು ಬರತಿದ್ದೆ."

ಪ್ರಮೀಳಾ ನಕ್ಕಳು. "ಕಾಕು, ಇದು ಗಡಿಗಿ ಅಲ್ಲ!"

"ಯಾವುದರ ಇರಲಿ, ಒಡಕ ಸಪ್ಪಳ ಒಡಕ ಸಪ್ಪಳನ. ನೀನ ಬಾರಿಸಿ ಕೇಳು."

ಪ್ರಮೀಳಾ ಎರಡನೆಯವನನ್ನು ತಟ್ಟಿದಳು, ನನ್ನನ್ನು ತಟ್ಟಿದಳು. ಮತ್ತೊಮ್ಮೆ ತಟ್ಟಿದಳು. ನಗು ನಿಂತಿತು. "ಕಾಕಾ, ನಿಮಗಿದು ಕೇಳಸ್ಲಿಲ್ಲೇನು?"

ಕಾಳಪ್ಪ ಸುತ್ತಿಗೆಯ ಹಿಡಿಯನ್ನು ಒರೆಸಿದರು, ಎಣ್ಣೆ ಇರದಿದ್ದರೂ. "ಮಾತು ಕೇಳಸ್ತದವ್ವಾ. ಈ ಸಣ್ಣ ದನಿ ಕೇಳಸವಲ್ದು. ಎರಡ ವರ್ಷ ಆತು."

ಎರಡು ವರ್ಷದಲ್ಲಿ ಅವಳು ಹದಿನಾಲ್ಕು ರೇಸು ಓಡಿದ್ದಳು. ನೀಲವ್ವ ಬುತ್ತಿಯ ಗಂಟು ಬಿಚ್ಚಿ ಮೂವರಿಗೂ ರೊಟ್ಟಿ ಹಾಕಿದರು.

ನನ್ನ ತೂಕದ ಇನ್ನೊಬ್ಬ ಎರಡು ದಿನದಲ್ಲಿ ಸಿಗಲಿಲ್ಲ. ಭಾನುವಾರ ಪ್ರಮೀಳಾ ಓಡಲಿಲ್ಲ; ಇಡೀ ದಿನ ಗ್ಯಾರೇಜಿನಲ್ಲೇ ಕೂತಿದ್ದಳು, ಕಾಳಪ್ಪನವರೊಡನೆ ಹೆಚ್ಚು ಮಾತಾಡಲಿಲ್ಲ. ಆಮೇಲೆ ನನ್ನ ಜಾಗಕ್ಕೆ ಬೇರೊಬ್ಬ ಬಂದ; ಮುಂದಿನ ತಿಂಗಳ ತಪಾಸಣೆಗೂ ಎಂಜಿನ್ನನ್ನು ಅವರ ಬಳಿಗೇ ತಂದಳು. ಈಗ ತಟ್ಟುವುದು ನೀಲವ್ವನ ಕೆಲಸ. ಕಾಳಪ್ಪ ಎದುರಿಗೆ ನಿಂತು ಅವರ ಮುಖವನ್ನೇ ನೋಡುತ್ತಾರೆ.

ನಾನು ಕಿಟಕಿಯ ಕಟ್ಟೆಯ ಮೇಲಿದ್ದೇನೆ. ಯಾರೂ ಎಳೆಯುವುದಿಲ್ಲ, ದೂಡುವುದಿಲ್ಲ. ಆದರೂ ದಣಿವು ಇಳಿದಿಲ್ಲ. ಇಲ್ಲಿ ಇಡುವ ಮುನ್ನ ಕಾಳಪ್ಪ ನನಗೆ ಕೆಂಪು ಬಣ್ಣ ಸವರಿ, ಒರೆಸಿ, ಬಿರುಕಿನಲ್ಲಿ ಉಳಿದ ಗೆರೆಯನ್ನು ಅಳೆದಿದ್ದರು. ಉದ್ದ ೪.೨ ಮಿಲಿಮೀಟರ್.