ಅಜ್ಜಿಯ ಸ್ವಿಚ್ಚು

"ಎಲ್ಲಾ ಸರಿಯಾಗಿದೆ ಅಮ್ಮ. ಹಾರ್ನ್ ಒಂದು ಮಾತ್ರ ಸತ್ತಿದೆ," ಎಂದ ಲಾರಿ ಕೊಳ್ಳಲು ಬಂದವನು. ಸ್ಟೇರಿಂಗಿನ ನಡುವಿನ ಗುಂಡಿಯನ್ನು ಅಂಗೈಯಿಂದ ಮತ್ತೊಮ್ಮೆ ಒತ್ತಿ ನೋಡಿದ. ಸದ್ದಿಲ್ಲ.

ಗೇಟಿನ ಸರಳು ಹಿಡಿದು ನಿಂತಿದ್ದ ಅಜ್ಜಿಗೆ ಆ ಮಾತು ಹಿಡಿಸಲಿಲ್ಲ. ಹತ್ತು ತಿಂಗಳಿಂದ ಅಂಗಳದಲ್ಲೇ ನಿಂತು ಟೈರಿನ ಸುತ್ತ ಹುಲ್ಲು ಬೆಳೆಸಿಕೊಂಡಿದ್ದ ಲಾರಿ ಅದು. ಬಂದವನು ತನ್ನದೇ ಬ್ಯಾಟರಿ ತಂದು ಜೋಡಿಸಿದಾಗ ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಹೊತ್ತಿಕೊಂಡಿತ್ತು. ಅಷ್ಟಕ್ಕೇ ಅವಳು ಗೇಟಿನ ಸರಳು ಹಿಡಿದುಕೊಂಡಿದ್ದಳು. ಆಮೇಲೆ ಅವನು ಎಂಜಿನ್ ಆರಿಸಿ ಬಾಗಿಲು, ದೀಪ, ಕನ್ನಡಿ ಎಂದು ಒಂದೊಂದನ್ನೇ ತಡವುತ್ತಿದ್ದ. ಅವನೂ ಡ್ರೈವರೇ, ಅವಳ ಗಂಡನನ್ನು ಬಲ್ಲವನು.

"ಗಾಜಪ್ಪನೋರ ಗಾಡಿ ಅಂದ್ರೆ ಕಣ್ಣು ಮುಚ್ಚಿ ತಗೋಬಹುದು," ಎಂದ. "ನಮ್ಮ ಡ್ರೈವರುಗಳೆಲ್ಲ ಇವತ್ತಿಗೂ ಹೇಳ್ತಾರೆ, ಮನೆ ಸೇರಿ, ಸ್ಟೇರಿಂಗ್ ಮೇಲೆ ಕೈ ಇಟ್ಕೊಂಡೇ ನಿದ್ದೇಲಿ ಹೋದ್ರು ಅಂತ. ಅಂಥ ಸಾವು ಎಷ್ಟು ಜನಕ್ಕೆ ಸಿಗುತ್ತೆ ಹೇಳಿ?"

ಅಜ್ಜಿ ತಲೆಯಾಡಿಸಿದಳು. ನಿದ್ದೆಯಲ್ಲೇ ಹೋಗಿರಬೇಕು ಎಂದು ಡಾಕ್ಟರೂ ಹೇಳಿದ್ದರು. ಹತ್ತು ತಿಂಗಳು ಅವಳು ಬದುಕಿದ್ದು ಆ ಒಂದು ಮಾತನ್ನು ಹಿಡಿದುಕೊಂಡೇ.

ಗಾಜಪ್ಪ ಎನ್ನುವುದು ಗಂಡನಿಗೆ ಗಾಜಿನ ಕಾರ್ಖಾನೆಯವರು ಇಟ್ಟ ಅಡ್ಡಹೆಸರು. ಗಾಜಿನ ಹಾಳೆಗಳ ಲೋಡು ಅವನದು. ರಸ್ತೆಯಲ್ಲಿ ಗುಂಡಿ ಕಂಡರೆ ಇಳಿದು ಒಮ್ಮೆ ನೋಡಿ ಬರುವಷ್ಟು ನಿಧಾನ. ಸೈಕಲ್ಲಿನವರು ಹಿಂದೆ ಹಾಕಿಹೋದರೂ ಅವನಿಗೆ ನಗು. ಮಧ್ಯಾಹ್ನ ಮನೆ ತಲುಪುವ ಹಾಗಿದ್ದರೆ ಹೊರಗೆ ಒಂದು ತುತ್ತು ಮುಟ್ಟುತ್ತಿರಲಿಲ್ಲ. ಒಂದು ಸಲ ಅವಳು ಜ್ವರದಿಂದ ತಿಂಗಳುಗಟ್ಟಲೆ ಮಲಗಿದಾಗ ಲಾರಿಯನ್ನು ಬೇರೆಯವರಿಗೆ ಕೊಟ್ಟು ಮನೆಯಲ್ಲೇ ಉಳಿದಿದ್ದ. ತಲೆ ಬಾಚಿ ಜಡೆ ಹಾಕುತ್ತಿದ್ದುದೂ ಅವನೇ. ಲೋಡಿಗೆ ಹಗ್ಗ ಬಿಗಿದ ಹಾಗೆ ಬಿಗಿದುಬಿಡುತ್ತಿದ್ದ. ಬಿಚ್ಚುವಷ್ಟರಲ್ಲಿ ಅವಳಿಗೆ ಸಾಕುಸಾಕಾಗುತ್ತಿತ್ತು.

ಆಗೆಲ್ಲ ಬೀದಿಯ ತಿರುವಿನಲ್ಲಿ ಎರಡು ಗಿಡ್ಡ, ಒಂದು ಉದ್ದ ಹಾರ್ನ್ ಕೇಳಿದರೆ ಅವಳು ಕೈಲಿದ್ದುದನ್ನು ಅಲ್ಲೇ ಬಿಟ್ಟು ಓಡಿಬಂದು ಗೇಟು ತೆರೆಯುತ್ತಿದ್ದಳು. ಮೂವತ್ತೈದು ವರ್ಷ ತೆರೆದಳು. ಆಮೇಲೆ ಮಗಳು ಎರಡು ತಿಂಗಳ ಕೂಸನ್ನು ಎತ್ತಿಕೊಂಡು ತವರಿಗೆ ಬಂದಳು, ಮತ್ತೆ ಹೋಗಲಿಲ್ಲ. ಕೂಸೋ ಮಲಗಿದರೆ ಪುಣ್ಯ ಎನ್ನುವಂಥದ್ದು. ಒಂದು ಮಧ್ಯಾಹ್ನ ಆಗತಾನೇ ಕಣ್ಣು ಮುಚ್ಚಿದ್ದು ಹಾರ್ನಿಗೆ ಬೆಚ್ಚಿಬಿದ್ದು ಕಿರುಚಿಕೊಂಡಾಗ ಅಜ್ಜಿಯ ತಾಳ್ಮೆ ಕೆಟ್ಟಿತು. ಗೇಟಿಗೆ ಬಂದವಳು ಅಕ್ಕಪಕ್ಕದವರೆಲ್ಲ ಕೇಳುವ ಹಾಗೆ ಕೂಗಿದ್ದಳು.

"ಇನ್ಮೇಲೆ ಈ ಬೀದೀಲಿ ನಿಮ್ಮ ಹಾರ್ನ್ ಕೇಳಿಸಿದ್ರೆ ನೋಡಿ! ನೀವು ಬಂದಿದ್ದು ಊರಿಗೆಲ್ಲ ಗೊತ್ತಾಗಬೇಕಾ?"

"ಊರಿಗಲ್ಲ ಕಣೆ, ನಿನಗೆ," ಎಂದಿದ್ದ ಅವನು ಮೆಲ್ಲಗೆ.

ಅಷ್ಟೇ. ಮಾರನೆಯ ದಿನದಿಂದ ಅಷ್ಟು ದೊಡ್ಡ ಲಾರಿ ಕಳ್ಳಬೆಕ್ಕಿನ ಹಾಗೆ ಬರತೊಡಗಿತು. ನೋವಿನ ಮಂಡಿ ಹಿಡಿದುಕೊಂಡು ಇಳಿದು ಗೇಟನ್ನೂ ಅವನೇ ತೆರೆದುಕೊಳ್ಳುತ್ತಿದ್ದ. ಕೂಸು ಬೆಳೆದು ಸ್ಕೂಲಿಗೆ ಹೋಗತೊಡಗಿತು, ಮಧ್ಯಾಹ್ನದ ನಿದ್ದೆ ಬಿಟ್ಟು ಎಷ್ಟೋ ಕಾಲವಾಯಿತು. ಇನ್ನು ಹಾರ್ನ್ ಹೊಡೆಯಬಹುದು ಎಂದು ಗಂಡನಿಗೆ ಹೇಳಬೇಕೆನ್ನುವುದು ಅವಳಿಗೆ ಹೊಳೆಯಲೇ ಇಲ್ಲ. ಅವನಾದರೂ ಕೇಳಬಹುದಿತ್ತು. ಕೇಳುವ ಜಾಯಮಾನದವನಲ್ಲ.

ಅವನು ಹೋದ ಆ ದಿನವೂ ಲಾರಿ ಒಳಗೆ ಬಂದದ್ದನ್ನು ಅವಳು ಅಡಿಗೆಮನೆಯ ಕಿಟಕಿಯಿಂದ ಕಂಡಿದ್ದಳು. ಮುಂದಿನ ಗಾಜಿನ ಮೇಲೆ ಬಿಸಿಲು ಹೊಡೆಯುತ್ತಿತ್ತು, ಒಳಗಿನದು ಕಾಣುತ್ತಿರಲಿಲ್ಲ. ಎಂಜಿನ್ ಆರಿಸಿದ ಮೇಲೆ ಸ್ವಲ್ಪ ಹೊತ್ತು ಸೀಟಿಗೆ ಒರಗುವುದು ಅವನ ರೂಢಿ. "ಅದರ ಬಿಸಿ ಇಳೀಲಿ, ನನ್ನದೂ ಇಳೀಲಿ" ಎನ್ನುತ್ತಿದ್ದ. ಅವಳು ತಟ್ಟೆ ಇಟ್ಟಳು. ಆರಿದ ಅಡಿಗೆಯನ್ನು ಮತ್ತೆ ಬಿಸಿಮಾಡಿದಳು. ಹೊತ್ತುಗೊತ್ತಿಲ್ಲದ ಮನುಷ್ಯ ಎಂದು ಬೈದುಕೊಂಡಳು ಕೂಡ. ಮುಕ್ಕಾಲು ಗಂಟೆಯ ಮೇಲೆ ಹೋಗಿ ಕ್ಯಾಬಿನ್ನಿನ ಬಾಗಿಲು ತೆರೆದಾಗ ಅವನು ಮುಂದಕ್ಕೆ ಬಾಗಿದ್ದ. ಬಲಗೈ ಸ್ಟೇರಿಂಗಿನ ನಡುವೆ ಊರಿತ್ತು.

"ಫ್ಯೂಸ್ ಹೋಗಿರಬೇಕು," ಎನ್ನುತ್ತ ಕೊಳ್ಳುವವನು ಸೀಟಿನ ಕೆಳಗೆ ತಲೆ ತೂರಿಸಿದ.

"ಏನೂ ಹೋಗಿಲ್ಲ," ಎಂದಳು ಮೊಮ್ಮಗಳು. ರಜೆಯಾದ್ದರಿಂದ ಬೆಳಗಿನಿಂದಲೂ ಅವನ ಬೆನ್ನಿಗೇ ಅಂಟಿಕೊಂಡಿದ್ದಳು. ಆಚೆ ಬಾಗಿಲಿನಿಂದ ಹತ್ತಿ ತಾತನ ಸೀಟಿನ ಪಕ್ಕದ ತನ್ನ ಮಾಮೂಲಿ ಜಾಗದಲ್ಲಿ ಕೂತಿದ್ದಳು. "ಹಾರ್ನ್ ಚೆನ್ನಾಗೇ ಇದೆ. ಅಜ್ಜಿ ಸ್ವಿಚ್ಚು ಆಫ್ ಆಗಿದೆ, ಅಷ್ಟೇ."

"ಅಜ್ಜಿ ಸ್ವಿಚ್ಚಾ?"

ಅವಳು ಬಗ್ಗಿ ಸ್ಟೇರಿಂಗಿನ ಕೆಳಗೆ ಬೆರಳು ತೋರಿಸಿದಳು. ಮರೆಯಲ್ಲಿ ಕರಿ ಟೇಪು ಸುತ್ತಿ ಕೂರಿಸಿದ್ದ, ಮನೆಯಲ್ಲಿ ದೀಪ ಹಾಕುವಂಥ ಬಿಳಿ ಸ್ವಿಚ್ಚು. ಅಂಚಿನಲ್ಲಿ ನೀಲಿ ಬಣ್ಣದ ಒಂದು ತೊಟ್ಟು. ತೆರೆದ ಬಾಗಿಲಿನ ಹತ್ತಿರ ಬಂದಿದ್ದ ಅಜ್ಜಿಗೆ ಗುರುತು ಸಿಕ್ಕಿತು. ಅಡಿಗೆಮನೆಯ ಗೋಡೆಯಿಂದ ಬಿಚ್ಚಿ ತೆಗೆದ ಹಳೆಯ ಸ್ವಿಚ್ಚು ಅದು.

ಕೊಳ್ಳುವವನು ಗಹಗಹಿಸಿ ನಕ್ಕ. "ಲಾರೀಗೆ ಮನೆ ಸ್ವಿಚ್ಚು! ಯಾಕೆ ಪುಟ್ಟಿ ಇದು?"

"ತಿರುವು ಬಂದ ತಕ್ಷಣ ತಾತ ಇದನ್ನ ಆಫ್ ಮಾಡಿಬಿಡ್ತಿದ್ರು. ಇಲ್ದಿದ್ರೆ ಕೈ ತಾನಾಗೇ ಹಾರ್ನ್ ಮೇಲೆ ಹೋಗುತ್ತಂತೆ. ಅಜ್ಜಿ ಬೈತಾರಂತೆ. ಆಮೇಲೆ ತಾತ ಎಷ್ಟು ಒತ್ತಿದ್ರೂ ಸದ್ದೇ ಬರಲ್ಲ." ಮೊಮ್ಮಗಳು ಹೆಮ್ಮೆಯಿಂದ ಹೇಳಿದಳು, "ಬೆಳಿಗ್ಗೆ ಸ್ಕೂಲಿಗೆ ಹೋಗುವಾಗ ಆನ್ ಮಾಡೋದು ನನ್ನ ಕೆಲಸ."

ಅವನು ಇನ್ನೂ ನಗುತ್ತಲೇ ಸ್ವಿಚ್ಚು ಹಾಕಿ ಗುಂಡಿಯ ಕಡೆ ಕೈ ಚಾಚಿದ.

"ತಡಿಯಪ್ಪ," ಎಂದಳು ಅಜ್ಜಿ. "ಸ್ವಲ್ಪ ಕೆಳಗಿಳಿ."

ಅವಳ ದನಿ ಕೇಳಿ ಅವನ ನಗು ನಿಂತಿತು. ಇಳಿದು, ಅವಳು ಹತ್ತುವಾಗ ಮೊಣಕೈಗೆ ಆಸರೆ ಕೊಟ್ಟ. ನಲವತ್ತೊಂದು ವರ್ಷದ ಸಂಸಾರದಲ್ಲಿ ಗಂಡನ ಸೀಟಿನಲ್ಲಿ ಅವಳು ಕೂತದ್ದು ಇದೇ ಮೊದಲು. ಅದು ಅವನ ಮೈಯ ಅಳತೆಗೆ ತಗ್ಗಾಗಿತ್ತು. ಅವನ ಕೈ ಇದ್ದ ಜಾಗದಲ್ಲಿ ತನ್ನ ಬಲಗೈ ಇಟ್ಟಳು. ಅಂಗೈಯ ಕೆಳಗೆ ಗುಂಡಿ ಇತ್ತು.

ನಿದ್ದೆ ಮಾಡುವವನು ಅಲ್ಲಿ ಯಾಕೆ ಕೈ ಊರುತ್ತಾನೆ? ಅವನು ಯಾವಾಗಲೂ ಹಿಂದಕ್ಕೆ ಒರಗಿ ಮಲಗುವವನು. ಹತ್ತು ತಿಂಗಳು ಇದು ಅವಳ ತಲೆಗೇ ಬಂದಿರಲಿಲ್ಲ, ಅಥವಾ ಬರಲು ಅವಳೇ ಬಿಟ್ಟಿರಲಿಲ್ಲ. ಒತ್ತಿರಬಹುದು. ಒಮ್ಮೆ ಅಲ್ಲ, ಮತ್ತೆ ಮತ್ತೆ ಒತ್ತಿರಬಹುದು. ಕೆಳಗೆ ಬಗ್ಗಿ ಸ್ವಿಚ್ಚು ಹಾಕುವಷ್ಟು ಶಕ್ತಿ ಇದ್ದಿರಲಿಕ್ಕಿಲ್ಲ. ಒತ್ತದೆಯೂ ಇರಬಹುದು. ಹೇಳಬೇಕಾದವನು ಈಗ ಇಲ್ಲ. ಇನ್ನು ಸಾಯುವ ತನಕ ಅವಳಿಗೆ ಇದು ಗೊತ್ತಾಗುವ ಹಾಗಿಲ್ಲ.

ತಲೆ ಎತ್ತಿದಳು. ಮುಂದಿನ ಗಾಜಿನ ಆಚೆ, ನೆಟ್ಟಗೆ ಎದುರಿಗೆ, ಅಡಿಗೆಮನೆಯ ಕಿಟಕಿ. ಹೊರಗಿನಿಂದ ಒಳಗೆ ಏನೂ ಕಾಣದ ಆ ಗಾಜಿನಲ್ಲಿ ಒಳಗಿನಿಂದ ಎಲ್ಲವೂ ಕಾಣುತ್ತಿತ್ತು. ಮಗಳು ಒಲೆಯ ಮುಂದೆ ತಲೆ ಬಗ್ಗಿಸಿ ನಿಂತು ಬಂದವನಿಗೆ ಚಹಾ ಸೋಸುತ್ತಿದ್ದಳು. ಅವಳ ಕಿವಿಯ ಓಲೆ ಸಹ ಇಲ್ಲಿಗೆ ಮಿಂಚುತ್ತಿತ್ತು.

ಅಜ್ಜಿ ಒತ್ತಿದಳು. ಗಿಡ್ಡದೊಂದು. ಇನ್ನೊಂದು. ಆಮೇಲೆ ಉದ್ದದ್ದು.

ಮೊದಲನೆಯದಕ್ಕೇ ಮಗಳ ತಲೆ ಮೇಲೆದ್ದಿತ್ತು. ಎರಡನೆಯದಕ್ಕೆ ಕಿಟಕಿ ಖಾಲಿ. ಉದ್ದದ್ದು ಇನ್ನೂ ಮುಗಿದಿರಲಿಲ್ಲ, ಬಾಗಿಲು ದಡಾರನೆ ತೆರೆದುಕೊಂಡಿತು. ಬರಿಗಾಲಲ್ಲಿ ಓಡಿಬರುತ್ತಿದ್ದ ಅವಳ ಕೈಯಲ್ಲಿ ಚಹಾ ಸೋಸುವ ಜರಡಿ ಹಾಗೇ ಇತ್ತು, ಅಂಗಳದುದ್ದಕ್ಕೂ ತೊಟ್ಟಿಕ್ಕುತ್ತಿತ್ತು.

"ಅಬ್ಬಾ, ಅಮ್ಮ ಎಷ್ಟು ಬೇಗ ಬಂದ್ಲು!" ಎಂದು ಮೊಮ್ಮಗಳು ಸೀಟಿನ ಮೇಲೆ ಕುಣಿದಳು.

ಹಾರ್ನ್ ಕೂಗುತ್ತಲೇ ಇತ್ತು. ಅಜ್ಜಿ ಕೈ ತೆಗೆದಿರಲಿಲ್ಲ.